ಟೆಸ್ಟರಮ್ಮ ಒರೆಸಲಿಲ್ಲವಂತೆ

ಡೇರಿಯ ಸೋಲಾರ್ ಯಾಕೆ ಕೆಟ್ಟಿತು ಎಂದು ನಮ್ಮ ಕಾಲೇಜಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಒಂದೇ ಉತ್ತರ: ಟೆಸ್ಟರಮ್ಮ ಪ್ಯಾನೆಲ್ ಒರೆಸಲಿಲ್ಲ. ಮಂಡ್ಯದ ಸಭಾಂಗಣದಲ್ಲಿ ಚಪ್ಪಾಳೆ ತಟ್ಟಿದವರ ಉತ್ತರವೂ ಅದೇ. ಮದ್ದೂರಿನ ಬಸ್ ನಿಲ್ದಾಣದಲ್ಲಿ ವಡೆ ತಿನ್ನುತ್ತಿದ್ದ ಒಬ್ಬ ಹಳೆಯ ಸಹಪಾಠಿ ನನಗೇ ಅದನ್ನು ವಿವರಿಸಲು ಹೊರಟಿದ್ದ. ಊರಿಗೆ ಊರೇ ಒಂದೇ ಮಾತನ್ನು ಅದೇ ಪದಗಳಲ್ಲಿ ಹೇಳುತ್ತಿದ್ದರೆ, ಅವರಲ್ಲಿ ಯಾರೂ ಕಣ್ಣಾರೆ ಕಂಡಿಲ್ಲ ಎಂದೇ ಅರ್ಥ. ಕಂಡವರು ಪದಕ್ಕೆ ಪದ ಹೊಂದುವ ಹಾಗೆ ಹೇಳುವುದಿಲ್ಲ. ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ನೋಡುತ್ತ ನಾನು ಕಲಿತಿದ್ದು ಇಷ್ಟು.

ನಾನು ಕಂಡವಳು. ಆ ಟೆಸ್ಟರಮ್ಮ ನನ್ನ ಸೋದರತ್ತೆ.

ಭಾರತೀನಗರ ದಾಟಿ ಮಳವಳ್ಳಿಯ ಕಡೆ ಹೋಗುವಾಗ ರಸ್ತೆಯ ಪಕ್ಕದಲ್ಲೇ ಸಿಗುತ್ತದೆ ಅತ್ತೆಯ ಊರಿನ ಮಹಿಳಾ ಡೇರಿ. ಅದು ಶುರುವಾದಾಗಿನಿಂದ ಹಾಲಿನ ಫ್ಯಾಟ್ ಪರೀಕ್ಷೆ ಮಾಡುವ ಮಿಷಿನ್ನಿನ ಮುಂದಿನ ಸ್ಟೂಲು ಅತ್ತೆಯದು. ಮಿಷಿನ್ನು ತೋರಿಸಿದ ಅಂಕಿಯ ಮೇಲೆ ಪ್ರತಿ ಮನೆಯ ಹಾಲಿನ ಬೆಲೆ ನಿಲ್ಲುತ್ತದೆ. ಆದ್ದರಿಂದ ಆ ಸ್ಟೂಲಿನ ಮೇಲೆ ಕೂತವಳನ್ನು ಊರು ನಂಬಬೇಕು. ನಂಬುತ್ತಿತ್ತು. ಊರಿನಲ್ಲಿ ಅತ್ತೆಗೆ ಗಂಡನ ಹೆಸರಿನಿಂದಲೋ ಮಗನ ಹೆಸರಿನಿಂದಲೋ ಗುರುತಿರಲಿಲ್ಲ. ಟೆಸ್ಟರಮ್ಮ, ಅಷ್ಟೆ. ಕೊನೆಗೆ ಪಣಕ್ಕೆ ಬಿದ್ದದ್ದು ಆ ಸ್ಟೂಲು. ಉಳಿದವರಿಗೆಲ್ಲ ಒಂದು ಪ್ರಶಸ್ತಿಯಾದರೂ ಸಿಕ್ಕಿತು.

ಮೊದಲಿನಿಂದ ಹೇಳುತ್ತೇನೆ.

ನಾನು ಎರಡನೇ ವರ್ಷದಲ್ಲಿದ್ದಾಗ ಕಾಲೇಜಿಗೆ ಇನ್ನೋವೇಷನ್ ಸೆಲ್ ಬಂತು. ಬಂತು ಎಂದರೆ, ವಾಲಿಬಾಲ್ ನೆಟ್ಟು, ಹರಿದ ಬೂಟು ಇಡುತ್ತಿದ್ದ ಕೋಣೆಗೆ ಸುಣ್ಣ ಹೊಡೆದು ಬಾಗಿಲಿಗೆ ಆ ಹೆಸರು ಅಂಟಿಸಿದರು. ಒಬ್ಬ ಪ್ರಾಧ್ಯಾಪಕರು ಅದರ ಸಂಚಾಲಕರಾದರು. ಕೆಟ್ಟವರೇನಲ್ಲ. ಕೆಟ್ಟವರಾಗಲಿಕ್ಕೂ ಸ್ವಲ್ಪ ಧೈರ್ಯ ಬೇಕು. ಅವರು ಮೊದಲ ದಿನವೇ ನನ್ನನ್ನು ಕರೆದು ಹೇಳಿದರು:

"ನೋಡಮ್ಮ, ಕೆಲಸ ಮಾಡೋರು ನಮ್ಮ ಹತ್ರ ಇದ್ದಾರೆ. ಮಾತಾಡೋರು ಬೇಕು. ನೀನು ಬಾ."

ಆ ಕೆಲಸ ಮಾಡುವವರು ಯಾರೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಯೋಜನೆಯ ಹೆಸರು 'ನವೀಕರಿಸಬಹುದಾದ ಇಂಧನದಲ್ಲಿ ಚಕ್ರೀಯ ಆರ್ಥಿಕತೆ'. ಬಳಸಿ ಬಿಸಾಡಿದ ಸೋಲಾರ್ ಪ್ಯಾನೆಲ್ಲು, ಹಳೇ ಬ್ಯಾಟರಿಗಳನ್ನು ಹುಡುಕಿ ತಂದು, ಪರೀಕ್ಷಿಸಿ, ಮತ್ತೆ ಕೆಲಸಕ್ಕೆ ಹಚ್ಚುವುದು. ಕಸವಾಗುವ ವಸ್ತು ಇನ್ನೊಂದಿಷ್ಟು ವರ್ಷ ದುಡಿಯಲಿ ಎಂಬ ವಿಚಾರ. ವಿಚಾರದ ಮೇಲೆ ನನ್ನದೇನೂ ತಕರಾರಿಲ್ಲ, ಅವತ್ತೂ ಇರಲಿಲ್ಲ. ತಕರಾರು ಅದು ನಡೆದ ರೀತಿಯ ಮೇಲೆ. ಮೊದಲ ಸಭೆಗಳೆಲ್ಲ ಲಾಂಛನಕ್ಕೆ ಹೋದವು. ಮೂರು ಬಾಣಗಳು ಒಂದರ ಬೆನ್ನಿಗೊಂದು ಸುತ್ತುವ ಚಿತ್ರ. ಟೀ ಶರ್ಟುಗಳು ಅಚ್ಚಾಗಿ ಬಂದ ಮೇಲೆ ಹಿರಿಯ ಅಧ್ಯಾಪಕರೊಬ್ಬರು ಗಮನಿಸಿದರು: ಬಾಣಗಳು ಎಡಕ್ಕೆ ಸುತ್ತುತ್ತಿವೆ! ಅಪ್ರದಕ್ಷಿಣೆ! ಶುಭಕಾರ್ಯದ ಎದೆಯ ಮೇಲೆ ಅಪ್ರದಕ್ಷಿಣೆಯೇ? ಮತ್ತೆ ಸಭೆ ಕೂಡಿತು, ಬಲಕ್ಕೆ ಸುತ್ತುವ ಬಾಣಗಳ ಹೊಸ ಶರ್ಟುಗಳು ಬಂದವು. ಎಡಕ್ಕೆ ಸುತ್ತುವ ಶರ್ಟುಗಳನ್ನು ಬೋರ್ಡು ಒರೆಸಲು ಕೊಟ್ಟರು. ಮರುಬಳಕೆಯ ಯೋಜನೆ ತನ್ನ ಮೊದಲ ಕಸವನ್ನು ತಾನೇ ಹುಟ್ಟಿಸಿಕೊಂಡಿತು.

ಇಷ್ಟಾದ ಮೇಲೆ ಪ್ಯಾನೆಲ್ಲುಗಳ ವಿಷಯ. ಮಳವಳ್ಳಿ ಕಡೆಯ ಒಂದು ಪೆಟ್ರೋಲ್ ಬಂಕಿನವರು ಹೊಸ ಪ್ಯಾನೆಲ್ ಹಾಕಿಸಿಕೊಂಡು ಹಳೆಯವನ್ನು ಗೋಡೆಗೆ ಒರಗಿಸಿದ್ದರು. ಅವು ಬಂದವು. ಬ್ಯಾಟರಿಗಳು ಬಂದದ್ದು ಮಂಡ್ಯದ ಗುಜರಿ ಅಂಗಡಿಯಿಂದ, ಕೆಟ್ಟು ನಿಂತ ಕರೆಂಟ್ ಆಟೋಗಳವು. ಪರೀಕ್ಷಿಸಿದರೆ ಪರವಾಗಿಲ್ಲ, ದಿನವೂ ಹೊಟ್ಟೆ ತುಂಬ ಚಾರ್ಜ್ ಆದರೆ ಇನ್ನೂ ಕೆಲವು ಕಾಲ ನಡೆಯುತ್ತವೆ ಎಂಬ ಸ್ಥಿತಿ. ಇವನ್ನು ಹಾಕಲು ಜಾಗ ಬೇಕಲ್ಲ? ಸಂಚಾಲಕರಿಗೆ ನನ್ನ ಅತ್ತೆಯ ಡೇರಿ ಇಷ್ಟವಾಯಿತು. ಯಾಕೆಂದರೆ ಅದು ರಸ್ತೆಗೆ ಕಾಣುತ್ತದೆ.

ವಿಷಯ ತಿಳಿಸಲು ನನ್ನನ್ನೇ ಕಳಿಸಿದರು. ಅತ್ತೆ ಕ್ಯಾನು ತೊಳೆಯುತ್ತಿದ್ದಳು, ತಲೆ ಎತ್ತಲಿಲ್ಲ.

"ಗುಜರಿ ತಂದು ನಮ್ ಡೇರಿ ಮ್ಯಾಲೆ ಆಕ್ತೀರಾ?"

"ಗುಜರಿ ಅಲ್ಲ ಅತ್ತೆ, ಮರುಬಳಕೆ."

"ಅಂಗಂದ್ರೆ? ತೊಳ್ದಿರೋ ಗುಜರಿಯಾ?"

ನಾಲ್ಕು ಹೆಂಗಸರು ನಕ್ಕರು. ಆದರೂ ಅತ್ತೆ ಒಪ್ಪಿದಳು. ಅವಳದೊಂದು ಕಾರಣವಿತ್ತು. ಹಾಲು ಹಾಕುವ ಹೊತ್ತಿಗೇ ಕರೆಂಟು ಹೋಗುವುದು ಆ ಊರಿನ ಹಳೇ ಚಾಳಿ. ಮಿಷಿನ್ನು ನಿಂತರೆ ಸಾಲು ನಿಲ್ಲುತ್ತದೆ, ಸಾಲು ನಿಂತರೆ ಬಾಯಿ ಶುರುವಾಗುತ್ತದೆ. ಅಂಥ ಹೊತ್ತಿಗೆಂದು ಡೇರಿಯಲ್ಲಿ ಒಂದು ಸಣ್ಣ ಜನರೇಟರ್ ಇತ್ತು. ಹಗ್ಗ ಎಳೆದೆಳೆದು ಅತ್ತೆಯ ಭುಜ ನೋಯುತ್ತಿತ್ತು. ಸೋಲಾರ್ ಬಂದರೆ ಗುಂಡಿ ಒತ್ತಿದರಾಯಿತು ಎಂದು ಅವಳ ಲೆಕ್ಕ.

ಪ್ಯಾನೆಲ್ ಏರಿಸಿದ ದಿನ ಸಂಚಾಲಕರ ಕಣ್ಣು ಆ ಜನರೇಟರ್ ಮೇಲೆ ಬಿತ್ತು.

"ಹಸಿರು ಡೇರಿ ಅಂತೀವಿ, ಇಲ್ಲಿ ಹೊಗೆ ಬಿಡೋ ಮಿಷಿನ್ನು! ಫೋಟೋದಲ್ಲಿ ಹೇಗಿರುತ್ತೆ? ಕಾಲೇಜಿಗೆ ತಗೊಂಡು ಹೋಗೋಣ, ಹುಡುಗರು ಅಧ್ಯಯನ ಮಾಡ್ತಾರೆ."

"ಸಾರ್, ಇದು ನಿಂತ್ಕಂಡ್ರೆ ಅದು ಬೇಕಲ್ಲ?" ಎಂದಳು ಅತ್ತೆ.

"ಇದು ನಿಲ್ಲಲ್ಲಮ್ಮ."

ಆ ಜನರೇಟರ್ ಇವತ್ತು ನಮ್ಮ ಕಾಲೇಜಿನ ಸಭಾಂಗಣದ ಹಿಂದೆ ಕೂತಿದೆ. ಪರಿಸರದ ಬಗ್ಗೆ ಉಪನ್ಯಾಸ ನಡೆಯುವಾಗ ಕರೆಂಟು ಹೋದರೆ ಅದನ್ನೇ ಶುರು ಮಾಡುತ್ತಾರೆ. ಅಧ್ಯಯನ ಇನ್ನೂ ಮುಗಿದಿಲ್ಲ.

ಉದ್ಘಾಟನೆ ಕಾರ್ತಿಕದಲ್ಲಿ ನಡೆಯಿತು. ನಮ್ಮ ಸೀಮೆಯ ಒಬ್ಬ ನಾಯಕರು ಬರುವವರಿದ್ದರು. ಬೆಳಿಗ್ಗೆಯೇ ಅವರ ಕಡೆಯ ಹುಡುಗರು ಸರ್ವೆ ಕಂಬಗಳನ್ನು ಹೊತ್ತು ಡೇರಿಯ ತಾರಸಿ ಹತ್ತಿ ಒಂದು ದೊಡ್ಡ ಫ್ಲೆಕ್ಸು ಕಟ್ಟಿದರು. ನಾಯಕರು ಕೈ ಮುಗಿದು ನಗುತ್ತಿದ್ದಾರೆ, ಅವರ ಸುತ್ತ ಕಾಳುಕಾಳಿನಂತೆ ಊರಿನ ಮರಿನಾಯಕರ ಮುಖಗಳು. ರಸ್ತೆ ಇರುವುದು ಡೇರಿಯ ದಕ್ಷಿಣಕ್ಕೆ. ಆದ್ದರಿಂದ ಫ್ಲೆಕ್ಸು ದಕ್ಷಿಣದ ಅಂಚಿಗೆ. ಪ್ಯಾನೆಲ್ಲುಗಳು ಮುಖ ಮಾಡಿರುವುದೂ ದಕ್ಷಿಣಕ್ಕೇ, ಸೂರ್ಯ ಆ ಕಡೆ ವಾಲುತ್ತಾನೆಂದು. ಇವೆರಡರ ನಡುವೆ ಈಗ ಈ ನಮಸ್ಕಾರ ಬಂದು ನಿಂತಿತು. ರಸ್ತೆಗೆ ನಾಯಕರ ನಗು, ಪ್ಯಾನೆಲ್ಲಿಗೆ ಅವರ ಬೆನ್ನು.

ನೆರಳು ಕೆಳಗಿನ ಸಾಲಿನ ಮೇಲೆ ಬಿದ್ದಿತ್ತು. ಒಂದೇ ತಂತಿಯಲ್ಲಿ ಸರಪಣಿಯಂತೆ ಜೋಡಿಸಿದ ಪ್ಯಾನೆಲ್ಲುಗಳ ಗುಣವೆಂದರೆ, ಕೆಲವು ಮಂಕಾದರೆ ಬಿಸಿಲಲ್ಲಿರುವವೂ ಮಂಕಾಗುತ್ತವೆ. ಇದು ಸಂಚಾಲಕರು ನಮಗೆ ತರಗತಿಯಲ್ಲಿ ಪಾಠ ಮಾಡಿದ ವಿಷಯ, ಪರೀಕ್ಷೆಯಲ್ಲೂ ಕೇಳಿದ್ದರು. ಅವರು ಏಣಿ ಹತ್ತಿ, ತಾರಸಿಯ ಮಟ್ಟಕ್ಕೆ ತಲೆ ಬಂದಾಗ ನಿಂತರು. ಏಣಿ ಹಿಡಿದಿದ್ದವಳು ಅತ್ತೆ, ಪಕ್ಕದಲ್ಲಿ ನಾನು.

"ಸರ್, ನೆರಳು," ಎಂದೆ.

"ಕಾಣ್ತಿದೆ."

"ಬಿಚ್ಚಿಸೋಣವಾ?"

"ಈಗ ಬೇಡ. ಅವರು ದಾರೀಲಿದ್ದಾರಂತೆ."

ನಾಯಕರು ಬಂದು ಗುಂಡಿ ಒತ್ತಿದರು, ಮಿಷಿನ್ನು ಬೆಳಗಿತು, ಎಲ್ಲರೂ ಕೇಸರಿಬಾತು ತಿಂದರು. ಅವರು ಹೋದ ಮೇಲೆ ಮತ್ತೆ ಕೇಳಿದೆ. "ಇವತ್ತೇ ಬಿಚ್ಚಿದರೆ ಬೇಜಾರು ಮಾಡ್ಕೋತಾರಮ್ಮ, ಹಬ್ಬ ಕಳೀಲಿ" ಎಂದರು. ಯಾವ ಹಬ್ಬ ಎಂದು ಹೇಳಲಿಲ್ಲ. ನಮ್ಮಲ್ಲಿ ಹಬ್ಬಗಳಿಗೇನು ಬರವೇ?

ನಮ್ಮ ಜಿಲ್ಲೆಯಲ್ಲಿ ಫ್ಲೆಕ್ಸು ಕಟ್ಟುವವರಿದ್ದಾರೆ, ಬಿಚ್ಚುವವರಿಲ್ಲ. ಗಾಳಿ ಕೆಡವಬೇಕು, ಇಲ್ಲವೇ ಅದರ ಮೇಲೆ ಇನ್ನೊಬ್ಬರ ಇನ್ನೂ ದೊಡ್ಡ ಫ್ಲೆಕ್ಸು ಬರಬೇಕು. ಬಿದ್ದದ್ದು ರಾತ್ರಿ ಬೆಳಗಾಗುವುದರೊಳಗೆ ಯಾರದೋ ಕೊಟ್ಟಿಗೆಯ ಸೂರಾಗುತ್ತದೆ, ಹುಲ್ಲಿನ ಮೆದೆಯ ಹೊದಿಕೆಯಾಗುತ್ತದೆ. ಕೈ ಮುಗಿದ ನಾಯಕರ ಅಡಿಯಲ್ಲಿ ಸೀಮೆಹಸು ಮೆಲುಕು ಹಾಕುತ್ತಿರುತ್ತದೆ. ಯಾವ ಸೆಲ್ಲೂ ಇಲ್ಲದೆ, ಬಾಣದ ಲಾಂಛನವಿಲ್ಲದೆ ನಮ್ಮಲ್ಲಿ ನಿಜವಾಗಿ ನಡೆಯುವ ಚಕ್ರೀಯ ಆರ್ಥಿಕತೆ ಇದೊಂದೇ. ಆದರೆ ಅದಕ್ಕೆ ಫ್ಲೆಕ್ಸು ತಾನಾಗಿ ಬೀಳಬೇಕು. ನಿಂತಿರುವುದನ್ನು ಬಿಚ್ಚಿದವನು ಎದುರು ಪಾರ್ಟಿ.

ಅತ್ತೆಗೆ ಕಷ್ಟ ಬಂದದ್ದು ಅಲ್ಲೇ. ಅವಳ ಗಂಡ, ನನ್ನ ಮಾವ, ಎದುರು ಪಾರ್ಟಿಯವನೆಂದು ಊರಿಗೆಲ್ಲ ಗೊತ್ತು. ಡೇರಿಯ ಅಧ್ಯಕ್ಷೆ ನಾಯಕರ ಪಾರ್ಟಿ. ಅತ್ತೆ ಅಧ್ಯಕ್ಷೆಯ ಮನೆಗೇ ಹೋಗಿ ಕೇಳಿದಳು, ನಾನೂ ಜೊತೆಗಿದ್ದೆ.

"ಅಕ್ಕ, ಅದ್ನ ಒಂಚೂರು ಪಕ್ಕುಕ್ಕಾದ್ರೂ ಸರಿಸ್ಬುಡಿ. ಬ್ಯಾಟ್ರಿ ತುಂಬ್ತಾ ಇಲ್ಲ."

"ಅಯ್ಯೋ, ಪಾಪ, ಕೆಲ್ಸ ಬುಟ್ಟು ಬಂದು ಗುಂಡಿ ಒತ್ತವ್ರೆ. ಅವ್ರ ಮೊಕಾನೇ ಎತ್ತಿ ಪಕ್ಕುಕ್ಕಿಡದಾ? ನಂಗಾಗಕ್ಕಿಲ್ಲ ಕಣವ್ವ. ಆ ಸಾರ್‌ಗೇ ಏಳು, ಅವ್ರದ್ದಲ್ವಾ ಸೋಲಾರು?"

ದಾರಿಯಲ್ಲಿ ಅತ್ತೆ ನನ್ನನ್ನು ತಿವಿದಳು. "ನಾನು ಬಿಚ್ಚುದ್ರೆ ಆ ಪಾರ್ಟಿಯೋಳು ಬಿಚ್ಚುದ್ಲು ಅಂತಾರೆ. ಬಿಚ್ದೆ ಇದ್ರೆ ಮಿಷಿನ್ನು ನಿಂತದೆ. ಏಳು ಮಾತುಗಾರ್ತಿ, ನೀನು ಪರನಾ ವಿರೋದನಾ?"

ನಾನು ಸೆಲ್ಲಿನ ಸಭೆಯಲ್ಲಿ ವಿಷಯ ಎತ್ತಿದೆ. ಸಂಚಾಲಕರು ಕನ್ನಡಕ ತೆಗೆದು ಒರೆಸಿದರು. "ಇನ್ನೋವೇಷನ್ ಅಂದರೆ ಬರೀ ತಂತ್ರಜ್ಞಾನ ಅಲ್ಲಮ್ಮ. ಮ್ಯಾನೇಜ್‌ಮೆಂಟು. ಎಲ್ಲರನ್ನೂ ಜೊತೆಗೆ ಕರ್ಕೊಂಡು ಹೋಗಬೇಕು."

"ಫ್ಲೆಕ್ಸನ್ನೂನಾ ಸರ್?"

ಯಾರೋ ಕಿಸಕ್ಕೆಂದರು. ಸರ್ ನಗಲಿಲ್ಲ. ಅವರು ಎಲ್ಲವನ್ನೂ ಯೋಚಿಸಿ ಇಟ್ಟಿದ್ದರು: ಯೋಜನೆಯ ಎರಡನೇ ಹಂತ. ಕಬ್ಬಿಣದ ಎತ್ತರದ ಸ್ಟ್ಯಾಂಡು ಮಾಡಿಸಿ, ಪ್ಯಾನೆಲ್ಲುಗಳನ್ನು ಫ್ಲೆಕ್ಸಿಗಿಂತ ಮೇಲಕ್ಕೆ ಎತ್ತುವುದು. ಹಳೆಯ ವಸ್ತುವಿನಿಂದ ಕಸ ತಗ್ಗಿಸುವ ಯೋಜನೆಗೆ ಹೊಸ ಕಬ್ಬಿಣ, ಹೊಸ ಸಿಮೆಂಟು, ಹೊಸ ಬೋಲ್ಟು. ಎರಡು ಹಗ್ಗ ಬಿಚ್ಚುವ ಕೆಲಸಕ್ಕೆ ಪರ್ಯಾಯವಾಗಿ.

ಹಿಂದಿನ ಬೆಂಚಿನವನೊಬ್ಬ ಪಿಸುಗುಟ್ಟಿದ, "ಲೇ, ನಾಳೆ ಅದ್ಕಿಂತ ಎತ್ರುದ್ ಫ್ಲೆಕ್ಸ್ ಕಟ್ಟುದ್ರೆ?"

"ಮೂರನೇ ಹಂತ ಕಣ್ಲಾ," ಎಂದ ಪಕ್ಕದವನು.

ಈಗ ಒರೆಸುವ ವಿಷಯಕ್ಕೆ ಬರುತ್ತೇನೆ. ಪ್ಯಾನೆಲ್ ಒರೆಸಬೇಕೆಂದು ಅತ್ತೆಗೆ ಹೇಳಿದ್ದರು, ನಿಜ. ಅತ್ತೆ ಒರೆಸುತ್ತಿದ್ದಳು. ಬೆಳಗಿನ ಹಾಲಿನ ವ್ಯಾನು ಹೋದ ಮೇಲೆ, ಮೆತ್ತನೆಯ ಹಳೇ ಸೀರೆಯ ತುಂಡು ನೆನೆಸಿಕೊಂಡು ಏಣಿ ಹತ್ತುತ್ತಿದ್ದಳು. ಕೆಳಗಿಂದ ಏಣಿ ಹಿಡಿದು ನಿಲ್ಲುವ ಕೆಲಸ ರಜೆಗಳಲ್ಲಿ ನನ್ನದು. ಅವಳು ಒರೆಸಿದ ಗಾಜು ಎಷ್ಟು ಸ್ವಚ್ಛವಿರುತ್ತಿತ್ತೆಂದರೆ ನೆರಳಿನ ಗೆರೆ ಅದರ ಮೇಲೆ ಚಾಕುವಿನಲ್ಲಿ ಕುಯ್ದಂತೆ ಕಾಣುತ್ತಿತ್ತು. ಇದಕ್ಕೆ ಸಾಕ್ಷಿ ಬೇಕೆನ್ನುವವರು ರಸ್ತೆಯಲ್ಲಿ ಬಸ್ಸು ಕಾಯುತ್ತಿದ್ದವರನ್ನು ಕೇಳಬಹುದು. ದಿನವೂ ನೋಡುತ್ತಿದ್ದರು. ನೋಡಿ, "ಟೆಸ್ಟರಮ್ಮ, ಫ್ಲೆಕ್ಸಿಗೂ ಒಂದ್ಕೈ ನೀರಾಕು, ಮೊಕ ತೊಳ್ಕಳ್ಳಲಿ" ಎಂದು ಹಾಸ್ಯ ಮಾಡುತ್ತಿದ್ದರು. ಹಾಸ್ಯಕ್ಕೆ ಎಲ್ಲ ಪಾರ್ಟಿಯವರೂ ಸಿಗುತ್ತಿದ್ದರು.

ಬ್ಯಾಟರಿಗಳು ಅರೆಹೊಟ್ಟೆಯಲ್ಲೇ ದಿನ ದೂಡಿ ಸೊರಗಿದವು. ಒಂದು ಸಂಜೆ, ಸಾಲು ಅರ್ಧ ಮುಗಿದಿತ್ತು, ಕರೆಂಟು ಹೋಯಿತು. ಸೋಲಾರ್ ಎತ್ತಿಕೊಂಡಿತು. ಹೆಂಗಸರು "ಪರವಾಗಿಲ್ವೇ" ಎನ್ನುವಷ್ಟರಲ್ಲಿ ಮಿಷಿನ್ನು ಕಣ್ಣು ಮುಚ್ಚಿತು. ಅತ್ತೆ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಅವಳ ಕೈ ಅಭ್ಯಾಸಬಲದಿಂದ ಜನರೇಟರ್ ಇದ್ದ ಮೂಲೆಯ ಕಡೆ ಹೋಗಿದ್ದನ್ನು ನಾನು ನೋಡಿದೆ. ಅಲ್ಲಿ ಈಗ ಮೂರು ಬಾಣಗಳ ಭಿತ್ತಿಪತ್ರವಿತ್ತು.

ಹೊರಗೆ ವ್ಯಾನಿನವನು ಹಾರನ್ ಬಾರಿಸತೊಡಗಿದ. ಹಾಲು ನಿಲ್ಲುವ ವಸ್ತುವಲ್ಲ. ಉಳಿದವರ ಹಾಲಿಗೆ ಬೆಳಗ್ಗೆ ಬಂದ ಫ್ಯಾಟನ್ನೇ ಹಾಕಿಕೊಳ್ಳುತ್ತೇನೆಂದು ಅತ್ತೆ ಹೇಳಿದಳು. ಬೇರೆ ದಾರಿಯಿರಲಿಲ್ಲ. ಸಾಲಿನಲ್ಲಿ ಅಧ್ಯಕ್ಷೆಯ ವಾರಗಿತ್ತಿ ಇದ್ದಳು.

"ಬೆಳಗ್ಗಿನ್ ಆಲು ತೆಳ್ಳಗಿರ್ತದೆ, ಸಂಜೆದು ಗಟ್ಟಿ. ಇಷ್ಟೂ ಗೊತ್ತಿಲ್ವಾ ಟೆಸ್ಟರಿಗೆ?"

"ಗೊತ್ತು ಕಣವ್ವ. ಮಿಷಿನ್ನು ಸತ್ತದಲ್ಲ."

"ಮಿಷಿನ್ನು ಸಾಯ್ತೋ, ನೀ ಸಾಯಿಸ್ದೋ? ನಿಮ್ ಪಾರ್ಟಿ ಆಲ್ಗೆ ಮಿಷಿನ್ನು, ನಮ್ ಪಾರ್ಟಿ ಆಲ್ಗೆ ಅಂದಾಜಾ?"

ಆವತ್ತು ಡೇರಿಯಲ್ಲಿ ಮೊದಲ ಬಾರಿಗೆ ಹಾಲಿಗೆ ಪಾರ್ಟಿ ಬಂತು. ಅತ್ತೆ ಕ್ಯಾನಿನ ಮುಚ್ಚಳ ಹಾಕಿದಳು.

ಸೋತ ಯೋಜನೆಯನ್ನು ಸಂಚಾಲಕರು ಮುಚ್ಚಿಡುತ್ತಾರೆಂದು ನಾನು ಎಣಿಸಿದ್ದೆ. ಅವರನ್ನು ಕಡಿಮೆ ಅಂದಾಜು ಮಾಡಿದ್ದೆ. ಮಂಡ್ಯದಲ್ಲಿ ಕಾಲೇಜುಗಳ ಸ್ಪರ್ಧೆಯೊಂದಿತ್ತು. ಅದರಲ್ಲಿ 'ಸೋಲಿನಿಂದ ಕಲಿತ ಪಾಠ' ಎಂದೇ ಒಂದು ವಿಭಾಗ. ಅವರು ವೇದಿಕೆ ಹತ್ತಿ, ಹಿಂದೆ ಪರದೆಯ ಮೇಲೆ ನಾಯಕರು ಗುಂಡಿ ಒತ್ತುವ ಚಿತ್ರ ಹಾಕಿ, ಹೇಳಿದರು:

"ತಂತ್ರಜ್ಞಾನ ಸೋಲಲಿಲ್ಲ. ಪ್ಯಾನೆಲ್ ಒರೆಸುವ ಒಂದು ಸರಳ ಕೆಲಸ, ಅದನ್ನು ಅಲ್ಲಿನ ಮಹಿಳಾ ಟೆಸ್ಟರ್ ಮಾಡಲಿಲ್ಲ. ಧೂಳು ಕೂತಿತು. ಬ್ಯಾಟರಿ ಹೋಯಿತು. ಗ್ರಾಮೀಣರಲ್ಲಿ ಅರಿವು ಮೂಡಿಸುವುದೇ ನಮ್ಮ ಮುಂದಿನ ಸವಾಲು."

ಪ್ರಶ್ನೆಗಳಿವೆಯೇ ಎಂದು ನಿರೂಪಕಿ ಕೇಳಿದಾಗ ನಾನು ಎದ್ದೆ. ಅದೇ ಬಾಣದ ಶರ್ಟಿನಲ್ಲಿದ್ದವಳು ಪ್ರಶ್ನೆ ಕೇಳಲು ಏಳುತ್ತಾಳೆಂದು ಅವಳು ಊಹಿಸಿರಲಿಲ್ಲ, "ತಂಡದವರು ಕೂತ್ಕೊಳ್ಳಿ, ಸಮಯ ಆಯ್ತು" ಎಂದಳು. ಪ್ರಶಸ್ತಿ ಬಂತು. ಪ್ಯಾನೆಲ್ಲು, ಬ್ಯಾಟರಿ ಯಾವುದೂ ಎರಡನೇ ಸಲ ಕೆಲಸಕ್ಕೆ ಬರಲಿಲ್ಲ, ಮರುಬಳಕೆಯಾದದ್ದು ಸೋಲೊಂದೇ.

ಭಾಷಣದ ವಿಡಿಯೋ ನನಗಿಂತ ಮೊದಲು ಊರು ಸೇರಿತ್ತು. ನಾನು ಡೇರಿಗೆ ಹೋದಾಗ ಅತ್ತೆ ಫೋನನ್ನು ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದಳು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಾಕಿದಳು.

"ಚೆನ್ನಾಗ್ ಮಾತಾಡವ್ರೆ. ನೀನೇ ಬರ್ಕೊಟ್ಯಾ?"

"ಇಲ್ಲತ್ತೆ!"

"ಮತ್ಯಾಕೆ ರೇಗ್ತೀಯ, ಕೇಳ್ದೆ ಅಷ್ಟೆಯಾ."

ಅಧ್ಯಕ್ಷೆ ಸಭೆ ಕರೆದಿದ್ದಳು. ಟೆಸ್ಟರನ್ನು ಬದಲಾಯಿಸುವ ವಿಷಯ. ಕಾಲೇಜಿನವರೇ ಮೈಕಿನಲ್ಲಿ ಹೇಳಿದ ಮೇಲೆ ಇನ್ನೇನು ವಿಚಾರಣೆ? ನಾನು ಸಂಚಾಲಕರ ಕೋಣೆಗೆ ಹೋಗಿ, ಸಭೆಗೆ ಬಂದು ನೆರಳಿನ ವಿಷಯ ಹೇಳಿ ಎಂದೆ. "ಬರ್ತೀನಮ್ಮ" ಎಂದು ತಕ್ಷಣ ಒಪ್ಪಿದರು. ಒಂದು ಕ್ಷಣ ನಾನು ಮೃದುವಾದೆ. ಬಂದರು ಕೂಡ. ಕಾಲೇಜಿನ ಜೀಪಿನ ಹಿಂದೆ ಕಬ್ಬಿಣದ ಸ್ಟ್ಯಾಂಡುಗಳನ್ನು ಹೇರಿಕೊಂಡು. ಎರಡನೇ ಹಂತಕ್ಕೆ ಡೇರಿಯವರ ಒಪ್ಪಿಗೆ ಬೇಕಾಗಿತ್ತು.

ಡೇರಿಯ ಒಳಗೆ ಹೆಂಗಸರು ಗೋಡೆಗೊರಗಿ ಕೂತಿದ್ದರು. ಸಂಚಾಲಕರಿಗೆ ಕುರ್ಚಿ, ಕಾಫಿ. ಅತ್ತೆ ಮಿಷಿನ್ನಿನ ಮುಂದೆ ತನ್ನ ಸ್ಟೂಲಿನ ಮೇಲೆ. ಅಧ್ಯಕ್ಷೆ ನೇರವಾಗಿ ಹೇಳಿದಳು:

"ಸಾರ್, ನೀವು ಓದ್ದೋರು. ನೀವೇ ಏಳ್ಬುಡಿ. ಟೆಸ್ಟರದ್ದು ತಪ್ಪಾ, ಇಲ್ವಾ? ಇಲ್ಲ ಅಂದ್ರೆ ಅವ್ಳೇ ಇರ್ಲಿ. ಐತೆ ಅಂದ್ರೆ ನಾಳೆಯಿಂದ ಬೇರೆಯೋಳು ಕೂತ್ಕತಾಳೆ."

ಇಷ್ಟು ಸುಲಭವಾದ ಪ್ರಶ್ನೆಯನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ. ಸಂಚಾಲಕರು ಕಾಫಿ ಲೋಟ ಕೆಳಗಿಟ್ಟು, "ತಪ್ಪು ಯಾರದು ಅನ್ನೋದು ಮುಖ್ಯ ಅಲ್ಲಮ್ಮ, ಮುಂದೆ ಹೇಗೆ ಅನ್ನೋದು ಮುಖ್ಯ. ನಮ್ಮ ಹುಡುಗರು ಬಂದು ಹೊಸ ಟೆಸ್ಟರಿಗೆ ತರಬೇತಿ ಕೊಡ್ತಾರೆ" ಎಂದರು.

ಹೊಸ ಟೆಸ್ಟರಿಗೆ! ನಾನು ಎದ್ದು ನಿಂತೆ. "ಸರ್, ಒಂದನೇದು..." ಎಂದು ಶುರು ಮಾಡಿದ್ದೆ.

"ನೀ ಕೂತ್ಕ," ಎಂದಳು ಅತ್ತೆ. "ನಿನ್ ಒಂದ್ನೇದು, ಎರಡ್ನೇದು ಅವ್ರಿಗೆ ಅಭ್ಯಾಸ ಆಗೋಗದೆ." ಹೆಂಗಸರಲ್ಲಿ ಯಾರೋ ನಕ್ಕರು. ಅತ್ತೆ ಸ್ಟೂಲಿನಿಂದ ಎದ್ದು ಅದನ್ನು ಸಂಚಾಲಕರ ಎದುರಿಗೆ ತಳ್ಳಿದಳು.

"ನಾನು ಒರೆಸ್ನಿಲ್ಲ ಅಂದ್ರಿ ಸಾರ್. ಆಗ್ಲಿ, ನಾನು ಎದ್ಕತೀನಿ. ಏಣಿ ಇಲ್ಲೇ ಐತೆ, ಬಿಸ್ಲೂ ಐತೆ, ಮ್ಯಾಲೆ ಫ್ಲೆಕ್ಸೂ ಅಂಗೇ ಐತೆ. ನಾಳೆ ಇದ್ರ ಮ್ಯಾಲೆ ಕೂರೋಳ್ನ ತಾರಸಿಗೆ ಕರ್ಕೊಂಡೋಗಿ, ಅಲ್ಲಿ ಏನ್ನ ತೋರ್ಸಿ 'ಒರ್ಸವ್ವ' ಅಂತೀರಾ?"